ಹಣಕ್ಕೆ ಕೋರ್ಟು ಸಿಕ್ಕಿತು, ಹೆಣಕ್ಕೆ ಸಿಗಲಿಲ್ಲ



ಸೆಪ್ಟೆಂಬರ್ 17 ಬಂತೆಂದರೆ ನಮ್ಮ ಹೈದರಾಬಾದಿನಲ್ಲಿ ಬಾವುಟಗಳಿಗೆ ಬರಗಾಲವಿಲ್ಲ. ಕೇಂದ್ರ ಸರಕಾರದವರು ಅದನ್ನು ‘ಹೈದರಾಬಾದ್ ವಿಮೋಚನಾ ದಿನ’ ಎನ್ನುತ್ತಾರೆ; 2024ರ ಮಾರ್ಚಿನಲ್ಲಿ ಹಾಗೆಂದು ಅಧಿಸೂಚನೆಯನ್ನೂ ಹೊರಡಿಸಿದರು. ತೆಲಂಗಾಣ ಸರಕಾರದವರು 2022ರಲ್ಲಿ ‘ರಾಷ್ಟ್ರೀಯ ಏಕೀಕರಣ ದಿನ’ ಎಂದರು. ಸರಕಾರ ಬದಲಾದ ಮೇಲೆ 2024ರಲ್ಲಿ ‘ಪ್ರಜಾಪಾಲನಾ ದಿನ’ ಎಂದರು. ಗಡಿ ದಾಟಿ ಕಲಬುರಗಿಗೆ ಹೋದರೆ ಅಲ್ಲಿ ‘ಕಲ್ಯಾಣ ಕರ್ನಾಟಕ ಉತ್ಸವ’. ಒಂದೇ ದಿನಕ್ಕೆ ನಾಲ್ಕು ಹೆಸರು! ಇಂಥ ಸಭೆಗಳಲ್ಲಿ ಭಾಷಣ ಮಾಡುವ ದೊಡ್ಡವರಿಗೆ ಉಪ್ಪಿಟ್ಟು ಕಾಫಿ ಒದಗಿಸುವವರು ನಾವು. ಹಿಂದೆ ನಿಂತು ಭಾಷಣಗಳನ್ನು ಕೇಳಿದ್ದೇವೆ. ಅಲ್ಲಿ ಯಾರೂ ಆಡದ ಒಂದು ಮಾತನ್ನು ಇಲ್ಲಿ ಆಡಬೇಕಾಗಿದೆ.

ಮೊದಲು ಹಣದ ಕಥೆ.

1948ರ ಸೆಪ್ಟೆಂಬರ್ 13ರ ಬೆಳಗಿನ ಜಾವ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಕ್ಕೆ ಬಂತು. 17ರಂದು ನಿಜಾಮರು ಕದನವಿರಾಮ ಸಾರಿದರು. 18ರಂದು ಅವರ ಸೇನಾಧಿಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧರಿಯವರಿಗೆ ಶರಣಾದರು. ಈ ಗಡಿಬಿಡಿಯಲ್ಲೇ ನಿಜಾಮ್ ಸರಕಾರದ ಮಂತ್ರಿ ಮೊಯಿನ್ ನವಾಜ್ ಜಂಗ್ ಅವರು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿದ್ದ 10,07,940 ಪೌಂಡು 9 ಷಿಲಿಂಗನ್ನು ಅಲ್ಲಿನ ಪಾಕಿಸ್ತಾನದ ಹೈಕಮಿಷನರ್ ರಹೀಮ್‌ತೂಲಾ ಅವರ ಖಾತೆಗೆ ಸಾಗಿಸಿದರು. ವಾರದೊಳಗೆ ನಿಜಾಮರು, ಇದು ನನ್ನ ಅಪ್ಪಣೆಯಿಲ್ಲದೆ ಆದದ್ದು, ಹಣ ವಾಪಸು ಬರಲಿ ಎಂದರು. ಬ್ಯಾಂಕಿನವರು ಯಾರಿಗೂ ಕೊಡದೆ ಕೂತರು. ದಾವೆ ಹತ್ತಿತು.

1957ರಲ್ಲಿ ಅದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ತನಕ ಏರಿತು. ಒಂದು ಸ್ವತಂತ್ರ ದೇಶವನ್ನು ಅದರ ಒಪ್ಪಿಗೆಯಿಲ್ಲದೆ ಇನ್ನೊಂದು ದೇಶದ ಕೋರ್ಟಿಗೆ ಎಳೆಯಲಾಗದು, ಅದು ಅಂತರರಾಷ್ಟ್ರೀಯ ಕಾನೂನು ಎಂದು ಲಾರ್ಡುಗಳು ದಾವೆಯನ್ನು ನಿಲ್ಲಿಸಿದರು. ಹಣ ಬ್ಯಾಂಕಿನಲ್ಲೇ ಬಡ್ಡಿ ತಿನ್ನುತ್ತ ಕೊಬ್ಬಿತು. 2013ರಲ್ಲಿ ಪಾಕಿಸ್ತಾನವೇ ಹಣ ಕೇಳಿ ಕೋರ್ಟಿಗೆ ಹೋಯಿತು. ತಾನೇ ಬಾಗಿಲು ತಟ್ಟಿದ್ದರಿಂದ ಆ ಹಳೆಯ ರಕ್ಷೆ ತಪ್ಪಿತು. ಭಾರತ ಸರಕಾರ ಮತ್ತು ನಿಜಾಮರ ಮೊಮ್ಮಕ್ಕಳಿಬ್ಬರು ಒಂದು ಕಡೆ, ಪಾಕಿಸ್ತಾನ ಇನ್ನೊಂದು ಕಡೆ. 2019ರ ಅಕ್ಟೋಬರ್ 2ರಂದು ಲಂಡನ್ನಿನ ಹೈಕೋರ್ಟಿನ ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ ಅವರು ಹಣ ನಿಜಾಮರದು, ಅವರ ಕಡೆಯವರಿಗೇ ಸೇರಬೇಕು ಎಂದು ತೀರ್ಪಿತ್ತರು. ಆ ಹೊತ್ತಿಗೆ ಅದು ಸುಮಾರು ಮೂರೂವರೆ ಕೋಟಿ ಪೌಂಡಾಗಿತ್ತು.

ನಿಜಾಮರು 1967ರಲ್ಲೇ ತೀರಿಕೊಂಡಿದ್ದರು. ಹಣ ಕಳಿಸಿದವರೂ ಇರಲಿಲ್ಲ, ಪಡೆದವರೂ ಇರಲಿಲ್ಲ. ಆದರೂ ದಾವೆ ಸಾಯಲಿಲ್ಲ. 71 ವರ್ಷ ಮೂರು ದೇಶಗಳ ವಕೀಲರು ಅದಕ್ಕೆ ಅನ್ನನೀರು ಹಾಕಿ ಸಾಕಿದರು. ಒಂಬತ್ತು ಷಿಲಿಂಗನ್ನೂ ಯಾರೂ ಮರೆಯಲಿಲ್ಲ ನೋಡಿ!

ಈಗ ಹೆಣದ ಕಥೆ. ಇದಕ್ಕೆ ದಾವೆಯ ನಂಬರೂ ಇಲ್ಲ.

ಸೈನ್ಯ ಬರುವ ಮೊದಲಿನದನ್ನು ಮೊದಲು ಹೇಳುತ್ತೇವೆ, ಇಲ್ಲದಿದ್ದರೆ ನಮ್ಮವರೇ ನಮ್ಮ ಮೇಲೆ ಹರಿಹಾಯ್ದಾರು. ಹರಿಹಾಯುವುದು ನ್ಯಾಯವೂ ಹೌದು. ಕಾಸಿಂ ರಜ್ವಿಯ ರಜಾಕಾರರು ಬೀದರ್, ಗುಲ್ಬರ್ಗಾ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಮಾಡಿದ್ದನ್ನು ಅಜ್ಜಿಯರು ಈಗಲೂ ಪಿಸುದನಿಯಲ್ಲೇ ಹೇಳುತ್ತಾರೆ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂದು ಆ ಊರಿನವರ ಲೆಕ್ಕ. ಇದೇ ಹೈದರಾಬಾದಿನಲ್ಲಿ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು, ರಜಾಕಾರರ ವಿರುದ್ಧ ಬರೆದದ್ದಕ್ಕಾಗಿ, ಆಗಸ್ಟ್ ತಿಂಗಳಲ್ಲಿ ಬೀದಿಯಲ್ಲಿ ಕೊಂದರು. ಅವರು ಮುಸಲ್ಮಾನರೇ ಆಗಿದ್ದರೆಂಬುದು ಸಭೆಗಳ ಭಾಷಣಕಾರರಿಗೆ ಏಕೋ ನೆನಪಾಗುವುದು ಕಡಿಮೆ. ರಜಾಕಾರರ ಮೇಲೆ ಮೊಕದ್ದಮೆ ನಡೆಸಲು ವಿಶೇಷ ನ್ಯಾಯಮಂಡಳಿ ಕೂತಿತು. ರಜ್ವಿಗೆ ಬೀಬಿನಗರದ ಡಕಾಯಿತಿ ಮೊಕದ್ದಮೆಯಲ್ಲಿ ಶಿಕ್ಷೆಯಾಯಿತು. 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಅಷ್ಟೆಲ್ಲ ಮಾಡಿದವನಿಗೆ ಅಷ್ಟೇ ಶಿಕ್ಷೆಯೇ ಎಂದು ನಾವೂ ಕೇಳುತ್ತೇವೆ. ಆದರೂ ಕಟಕಟೆ ಎಂಬುದೊಂದು ಇತ್ತಲ್ಲ?

ಸೈನ್ಯ ಬಂದ ಮೇಲೆ ಆದದ್ದಕ್ಕೆ ಅದೂ ಇಲ್ಲ. ಸೆಪ್ಟೆಂಬರ್ 13ರಿಂದ ಮುಂದಿನ ವಾರಗಳಲ್ಲಿ ಸಂಸ್ಥಾನದ ಉದ್ದಗಲಕ್ಕೂ ಮುಸಲ್ಮಾನ ಹಳ್ಳಿಗರ ಕೊಲೆ, ಸುಲಿಗೆ, ಹೆಂಗಸರ ಮೇಲೆ ಅತ್ಯಾಚಾರ ನಡೆದವು. ದೆಹಲಿಗೆ ದೂರು ಹೋದ ಮೇಲೆ ನೆಹರೂ ಸರಕಾರ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರನ್ನು ಕಳಿಸಿತು. ಅವರು ನವೆಂಬರ್ 29ಕ್ಕೆ ಇಲ್ಲಿಗೆ ಬಂದು ಡಿಸೆಂಬರ್ 21ಕ್ಕೆ ಹಿಂದಿರುಗಿದರು. 16 ಜಿಲ್ಲೆಗಳಲ್ಲಿ 9ನ್ನು ಸುತ್ತಿ, 109 ಹಳ್ಳಿಗಳ 500ಕ್ಕೂ ಮಿಕ್ಕಿದ ಜನರನ್ನು ಕಂಡು ಮಾತಾಡಿಸಿದರು. ತೀರ ಕಡಿಮೆ ಹಿಡಿದರೂ 27,000ದಿಂದ 40,000 ಜನ ಸತ್ತಿದ್ದಾರೆ ಎಂದು ಬರೆದರು. ಅದರಲ್ಲಿ 18,000ಕ್ಕೆ ಕಡಿಮೆಯಿಲ್ಲದಷ್ಟು ಜನ ನಾಲ್ಕೇ ಜಿಲ್ಲೆಗಳವರು: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಹೆಸರುಗಳನ್ನು ಇನ್ನೊಮ್ಮೆ ಓದಿ. ನಾಲ್ಕರಲ್ಲಿ ಎರಡು ನಮ್ಮ ಕನ್ನಡದ ಜಿಲ್ಲೆಗಳು. ಈ ಪತ್ರಿಕೆಯನ್ನು ಹಿಡಿದಿರುವ ಕೈಗಳಲ್ಲಿ ಅಲ್ಲಿನ ಮಣ್ಣಿನ ಕೈಗಳೇ ಹೆಚ್ಚು.

ಸೈನ್ಯ ಒಟ್ಟಿನಲ್ಲಿ ಶಿಸ್ತಿನಿಂದ ನಡೆಯಿತು ಎಂದು ಆ ಮಹನೀಯರು ಬರೆದರು. ಅಷ್ಟಕ್ಕೇ ನಿಲ್ಲದೆ, ಕೆಲವು ಕಡೆ ಸೈನಿಕರೂ ಪೊಲೀಸರೂ ಸುಲಿಗೆಯಲ್ಲಿ, ಅದಕ್ಕಿಂತ ಹೀನ ಕೃತ್ಯಗಳಲ್ಲಿ ಕೈಹಾಕಿದರು, ಗುಂಪುಗಳನ್ನು ಹುರಿದುಂಬಿಸಿದರು ಎಂಬುದಕ್ಕೆ ಅಲ್ಲಗಳೆಯಲಾಗದ ಸಾಕ್ಷ್ಯ ಸಿಕ್ಕಿದೆ ಎಂದೂ ಬರೆದರು. ಗೃಹಮಂತ್ರಿ ಪಟೇಲರಿಗೆ ಈ ವರದಿ ಹಿಡಿಸಲಿಲ್ಲ. ಅದು ಪೆಟ್ಟಿಗೆ ಸೇರಿತು. 2013ರ ಹೊತ್ತಿಗೆ, ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದನ್ನು ಸಾಮಾನ್ಯರು ನೋಡುವಂತಾಯಿತು. ಹಣದ ದಾವೆ ಎರಡನೆಯ ಸಲ ಲಂಡನ್ನಿನಲ್ಲಿ ಶುರುವಾದದ್ದೂ ಅದೇ 2013ರಲ್ಲಿ.

ಹೀಗೇಕಾಯಿತು? ಹೋಟೆಲಿನಲ್ಲಿ ದುಡಿದವನಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಮಾಲೀಕರಲ್ಲಿ ಕೆಲವರು ಕೆಲಸದಿಂದ ತೆಗೆಯುವಾಗ ‘ವಜಾ’ ಎಂಬ ಮಾತನ್ನು ಬಾಯಿಗೆ ತರುವುದಿಲ್ಲ. “ನಾಲ್ಕು ದಿನ ಊರಿಗೆ ಹೋಗಿ ಬಾರಪ್ಪ” ಎನ್ನುತ್ತಾರೆ. ವಜಾ ಎಂದರೆ ನೋಟೀಸು ಕೊಡಬೇಕು, ಪರಿಹಾರ ಕೊಡಬೇಕು, ಲೇಬರ್ ಕೋರ್ಟಿಗೆ ಉತ್ತರ ಹೇಳಬೇಕು. ಊರಿಗೆ ಹೋಗಿ ಬಾ ಎಂದರೆ ಬಸ್ಸಿನ ಚಾರ್ಜು ಕೊಟ್ಟರೆ ಮುಗಿಯಿತು. ತಿಂಗಳು ಬಿಟ್ಟು ಬಂದು ನೋಡಿದರೆ ನಮ್ಮ ಜಾಗದಲ್ಲಿ ಇನ್ನೊಬ್ಬ ಹುಡುಗ ತಟ್ಟೆ ಎತ್ತುತ್ತಿರುತ್ತಾನೆ.

1948ರಲ್ಲಿ ಆದದ್ದೂ ಇಂಥದೇ. ಟ್ಯಾಂಕು ಬಂತು, ವಿಮಾನ ಬಂತು, ಸೇನಾಪತಿ ಸೇನಾಪತಿಗೆ ಶರಣಾದ, ಮಿಲಿಟರಿ ಗವರ್ನರು ಬಂದು ಕೂತರು. ಇಷ್ಟಾದರೂ ಅದಕ್ಕೆ ಇಟ್ಟ ಹೆಸರು ‘ಪೊಲೀಸ್ ಆಕ್ಷನ್’. ಹೆಸರು ಸುಮ್ಮನೆ ಇಟ್ಟದ್ದಲ್ಲ. ಯುದ್ಧ ಎಂದರೆ ಯುದ್ಧದ ಕಾನೂನು ಮೈಮೇಲೆ ಬರುತ್ತದೆ. ಸುಲಿಗೆ ಕೂಡದು, ನಿರಾಯುಧರ ಪ್ರಾಣ ಮಾನ ಮುಟ್ಟಕೂಡದು ಎಂದು 1907ರ ಹೇಗ್ ಒಪ್ಪಂದದಲ್ಲೇ ಬರೆದಿದೆ. ಯುದ್ಧವಲ್ಲ, ಪೊಲೀಸ್ ಕೆಲಸ ಎಂದರೆ ಆ ಕಾನೂನು ತಗಲುವುದಿಲ್ಲ. ಒಳ್ಳೆಯದು, ಪೊಲೀಸ್ ಕೆಲಸವೇ ಆಗಲಿ. ಪೊಲೀಸರು ಬಂದ ಮೇಲೆ ಊರಿನಲ್ಲಿ ಕೊಲೆಯಾದರೆ ಪಂಚನಾಮೆ, ಎಫ್.ಐ.ಆರ್., ಮ್ಯಾಜಿಸ್ಟ್ರೇಟರು ಇರಬೇಕಲ್ಲ? 27,000 ಕೊಲೆಗಳಿಗೆ ಎಷ್ಟು ಪಂಚನಾಮೆ ತೋರಿಸುತ್ತೀರಿ? ಯುದ್ಧದ ಕಾನೂನಿಗೆ ಅದು ಪೊಲೀಸ್ ಕೆಲಸ, ಪೊಲೀಸ್ ಕಾನೂನಿಗೆ ಅದು ಗಲಭೆ ಕಾಲ. ಎರಡು ಬಾಗಿಲಿನ ನಡುವೆ ಸತ್ತವರು ಬಿದ್ದುಹೋದರು.

ಕಾನೂನೇ ಇನ್ನೂ ಹುಟ್ಟಿರಲಿಲ್ಲ, ಪಾಪ, ಎನ್ನುವವರಿದ್ದಾರೆ. ಅವರು ತಾರೀಖುಗಳನ್ನು ನೋಡಲಿ. ನ್ಯೂರೆಂಬರ್ಗಿನಲ್ಲಿ ಜರ್ಮನಿಯ ನಾಯಕರಿಗೆ ತೀರ್ಪಾದದ್ದು 1946ರಲ್ಲಿ. ಅದೇ ವರ್ಷ ವಿಶ್ವಸಂಸ್ಥೆಯಲ್ಲಿ, ಒಂದು ಜನಾಂಗವನ್ನೇ ನಾಶಮಾಡುವ ನರಮೇಧವು ಜಗತ್ತಿಗೆಲ್ಲ ಅಪರಾಧವೆಂದು ಸಾರಬೇಕು ಎಂದು ಕೇಳಿದ ಮೂರು ದೇಶಗಳಲ್ಲಿ ಭಾರತವೊಂದು. ಉಳಿದೆರಡು ಕ್ಯೂಬಾ, ಪನಾಮಾ. ಹೈದರಾಬಾದಿನ ದೂರು 1948ರ ಸೆಪ್ಟೆಂಬರ್ 16ರಂದು ಪ್ಯಾರಿಸ್ಸಿನ ಶಾಯೋ ಅರಮನೆಯಲ್ಲಿ ಭದ್ರತಾ ಸಮಿತಿಯ ಮುಂದೆ ಬಂತು. ಆಗ ಮೈಸೂರಿನ ದಿವಾನರಾಗಿದ್ದ ಸರ್ ಎ. ರಾಮಸ್ವಾಮಿ ಮುದಲಿಯಾರರೇ ಭಾರತದ ಪರ ನಿಂತು, ಹೈದರಾಬಾದು ಒಂದು ದೇಶವೇ ಅಲ್ಲ, ಅದಕ್ಕೆ ಇಲ್ಲಿ ಬರುವ ಹಕ್ಕಿಲ್ಲ ಎಂದು ವಾದಿಸಿದರು. ಮರುದಿನವೇ ನಿಜಾಮರು ಕೈಚೆಲ್ಲಿದರು, ಕೆಲವು ದಿನಕ್ಕೆ ದೂರನ್ನೂ ಹಿಂತೆಗೆದುಕೊಂಡರು. ಮುದಲಿಯಾರರ ವಾದ ಸರಿಯಿರಬಹುದು. ನಿಜಾಮರ ದರ್ಬಾರು ಒಂದು ದೇಶವಾಗಿ ಉಳಿಯಬೇಕಿತ್ತೆಂದು ನಾವೂ ಹೇಳುವವರಲ್ಲ. ಆದರೆ ಅಲ್ಲಿ ಕೇಳಿದ್ದೆಲ್ಲ ದೊರೆಯ ಹಕ್ಕಿನ ಮಾತು. ಹಳ್ಳಿಯವರ ಪ್ರಾಣದ ಹಕ್ಕು ಎಂಬುದು ಬೇರೆಯೇ ಒಂದಿದೆಯೆಂದು ಯಾವ ಕಡೆಯವರೂ ಎದ್ದು ಹೇಳಲಿಲ್ಲ.

ನವೆಂಬರಿನಲ್ಲಿ ಟೋಕಿಯೋದಲ್ಲಿ ಜಪಾನಿನ ನಾಯಕರಿಗೆ ತೀರ್ಪಾಯಿತು. ಆ ಪೀಠದಲ್ಲಿದ್ದ ನಮ್ಮ ರಾಧಾಬಿನೋದ್ ಪಾಲ್ ಅವರು ಭಿನ್ನ ತೀರ್ಪು ಬರೆದರು. ಗೆದ್ದವರು ಸೋತವರನ್ನು ಮಾತ್ರ ಕಟಕಟೆಗೆ ತರುವುದು ನ್ಯಾಯವೇ ಎಂಬ ಪ್ರಶ್ನೆ ಅದರಲ್ಲಿತ್ತು. ಈ ದೇಶ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಡಿಸೆಂಬರ್ 9ರಂದು, ಅದೇ ಶಾಯೋ ಅರಮನೆಯಲ್ಲಿ ನರಮೇಧ ತಡೆಯ ಒಪ್ಪಂದ ಅಂಗೀಕಾರವಾಯಿತು. ಮರುದಿನ ಮಾನವ ಹಕ್ಕುಗಳ ಘೋಷಣೆ. ಆ ಎರಡು ದಿನ ಸುಂದರಲಾಲರು ನಮ್ಮ ಜಿಲ್ಲೆಗಳ ಪ್ರವಾಸದಲ್ಲಿದ್ದರು. ಪ್ಯಾರಿಸ್ಸಿನಲ್ಲಿ ಕೈ ಎತ್ತಿದ ಸರಕಾರವೂ ಇಲ್ಲಿ ವರದಿಯನ್ನು ಬೀಗ ಹಾಕಿದ ಸರಕಾರವೂ ಒಂದೇ.

ಆಮೇಲಿನದು ಇನ್ನೂ ಸ್ವಾರಸ್ಯ. 1949ರ ಆಗಸ್ಟ್ 12ರಂದು ಜಿನೀವಾದಲ್ಲಿ ನಾಲ್ಕು ಒಪ್ಪಂದಗಳಾದವು. ದೇಶದ ಒಳಗೇ ನಡೆಯುವ ಸಶಸ್ತ್ರ ಕಾದಾಟದಲ್ಲೂ ಆಯುಧ ಕೆಳಗಿಟ್ಟವರನ್ನು, ಕಾದಾಟಕ್ಕೆ ಸೇರದವರನ್ನು ಕೊಲ್ಲಬಾರದು, ಹಿಂಸಿಸಬಾರದು, ಒತ್ತೆಯಿಡಬಾರದು ಎಂದು ನಾಲ್ಕರ ಮೂರನೆಯ ಕಲಮೂ ಹೇಳುತ್ತದೆ. ಭಾರತ 1950ರಲ್ಲಿ ಒಪ್ಪಿ, 1960ರಲ್ಲಿ ಜಿನೀವಾ ಒಪ್ಪಂದಗಳ ಕಾಯಿದೆಯನ್ನೂ ಮಾಡಿತು. ಸಂತೋಷಪಡುವ ಮುಂಚೆ ಕಾಯಿದೆಯ 17ನೆಯ ಕಲಮನ್ನು ಓದಿ. ಸರಕಾರ, ಇಲ್ಲವೇ ಸರಕಾರ ನೇಮಿಸಿದ ಅಧಿಕಾರಿ ದೂರು ಕೊಟ್ಟರೆ ಮಾತ್ರ ಕೋರ್ಟು ಮೊಕದ್ದಮೆ ತೆಗೆದುಕೊಳ್ಳಬೇಕು. 1969ರಲ್ಲಿ ಗೋವೆಯ ಪಾದ್ರಿಯೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಈ ಕಾಯಿದೆ ಯಾರಿಗೂ ನೇರವಾಗಿ ಕೋರ್ಟಿಗೆ ಬರುವ ಹಕ್ಕನ್ನು ಕೊಡುವುದಿಲ್ಲ ಎಂದೇ ಹೇಳಿತು. ಗಲ್ಲಾದ ಹಣ ಕಡಿಮೆಯಾದರೆ ದೂರು ಕೊಡುವ ಅಧಿಕಾರ ಗಲ್ಲಾದ ಮೇಲೆ ಕೂತವನಿಗೆ ಮಾತ್ರ ಎಂದಹಾಗಾಯಿತು! ನರಮೇಧ ತಡೆಯ ಒಪ್ಪಂದವನ್ನು 1959ರಲ್ಲಿ ಒಪ್ಪಿದ ದೇಶದ ದಂಡಸಂಹಿತೆಯಲ್ಲಿ ಆ ಹೆಸರಿನ ಅಪರಾಧ ಇಂದಿಗೂ ಇಲ್ಲ. 1984ರಲ್ಲಿ ದೆಹಲಿಯಲ್ಲಿ ಸಿಖ್ಖರನ್ನು ಕೊಂದ ಮೊಕದ್ದಮೆಯೊಂದರಲ್ಲಿ, 34 ವರ್ಷಗಳ ಮೇಲೆ, 2018ರ ಡಿಸೆಂಬರಿನಲ್ಲಿ ತೀರ್ಪು ಕೊಡುತ್ತ ದೆಹಲಿ ಹೈಕೋರ್ಟು ಇದೇ ಕೊರತೆಯನ್ನು ಎತ್ತಿ ಹೇಳಿತು. ಆಮೇಲೆ 2023ರಲ್ಲಿ ದಂಡಸಂಹಿತೆಯನ್ನೇ ಹೊಸದಾಗಿ ಬರೆದರು. ಆಗಲೂ ಸೇರಿಸಲಿಲ್ಲ.

ಹೇಗಿನ ಕೋರ್ಟು ಎಂದರೆ ನಮ್ಮವರಿಗೆ ಆಗದು ಎಂದೂ ಅಲ್ಲ. ಪಾಕಿಸ್ತಾನದ ಸೆರೆಯಲ್ಲಿದ್ದ ಕುಲಭೂಷಣ್ ಜಾಧವ್ ಅವರಿಗಾಗಿ 2017ರಲ್ಲಿ ಭಾರತ ಅಲ್ಲಿನ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. 2019ರ ಜುಲೈಯಲ್ಲಿ 15 ಮಂದಿ ನ್ಯಾಯಾಧೀಶರು ನಮ್ಮ ಪರ, ಒಬ್ಬರು ವಿರುದ್ಧ. ಒಬ್ಬ ಮನುಷ್ಯನ ಪ್ರಾಣಕ್ಕಾಗಿ ಸರಕಾರ ಅಷ್ಟು ದೂರ ಹೋದದ್ದು ಸರಿ, ನಾವೂ ಮೆಚ್ಚಿದೆವು. ಯುದ್ಧಾಪರಾಧ ಮಾಡಿದ ವ್ಯಕ್ತಿಗಳನ್ನೇ ವಿಚಾರಿಸುವ ಇನ್ನೊಂದು ಕೋರ್ಟು ಅದೇ ಹೇಗಿನಲ್ಲಿದೆ. 1998ರಲ್ಲಿ ರೋಮಿನಲ್ಲಿ ಅದರ ಒಪ್ಪಂದಕ್ಕೆ 120 ದೇಶಗಳು ಹೌದೆಂದಾಗ ನಮ್ಮದು ಮತ ಹಾಕದೆ ಕೂತಿತು, ಇಂದಿಗೂ ಸೇರಿಲ್ಲ. ಸೇರಿದರೂ 1948ಕ್ಕೆ ಅದು ಕೈ ಚಾಚಲಾರದು. 2002ಕ್ಕಿಂತ ಹಿಂದಿನದನ್ನು ಆ ಕೋರ್ಟು ಮುಟ್ಟುವುದಿಲ್ಲ. ಇದನ್ನು ಬಲ್ಲೆವು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಹಿಟ್ಟು ರುಬ್ಬಲು ನಿಂತವರಾದರೂ ಇಷ್ಟನ್ನು ಓದಿ ತಿಳಿದುಕೊಂಡಿದ್ದೇವೆ.

“ಹಳೆಯ ಗಾಯ ಕೆರೆಯಬೇಡಿ” ಎನ್ನುವ ಹಿರಿಯರಿಗೆ ಒಂದು ಮಾತು. ಪ್ರತಿ ಸೆಪ್ಟೆಂಬರಿನಲ್ಲಿ ಮೈಕು ಕಟ್ಟಿ ಕೆರೆಯುತ್ತಿರುವವರು ಯಾರು, ಸ್ವಾಮಿ? ಅರ್ಧ ಗಾಯವನ್ನು ಕೆರೆದು ಉಳಿದರ್ಧಕ್ಕೆ ಬಟ್ಟೆ ಮುಚ್ಚುತ್ತೀರಿ. ಇನ್ನು ಕೆಲವರು ಸೆಪ್ಟೆಂಬರ್ 13ರಿಂದ ಮಾತ್ರ ಲೆಕ್ಕ ಹಿಡಿದು, ರಜಾಕಾರರೆಂದರೆ ಯಾರೋ ನಾಲ್ಕು ಪುಂಡರು ಎಂದು ತೇಲಿಸುತ್ತಾರೆ. ಅವರಿಗೂ ನಮ್ಮ ಸಂಘದಲ್ಲಿ ಚಪ್ಪಾಳೆ ಸಿಗದು. ನಮ್ಮಲ್ಲೇ ಇಬ್ಬರಿದ್ದಾರೆ, ಇಬ್ಬರೂ ಬೀದರ್ ಕಡೆಯವರು. ಒಬ್ಬ ಗಾರೆ ಕೆಲಸದವ, ಒಬ್ಬ ಹೋಟೆಲಿನಲ್ಲಿ ಒಲೆಯ ಮುಂದೆ ನಿಲ್ಲುವವ. ಗಾರೆಯವನ ಮುತ್ತಜ್ಜನನ್ನು ರಜಾಕಾರರು ಹಗೇವಿನಿಂದ ಹೊರಗೆಳೆದು ಕೊಂದರು. ಒಲೆಯವನ ಮುತ್ತಜ್ಜಿ, ಗಂಡನನ್ನೂ ಮೈದುನನನ್ನೂ ‘ಪೊಲೀಸ್ ಆಕ್ಷನ್’ ಆದ ವಾರದಲ್ಲಿ ಕಳೆದುಕೊಂಡು, ಕುಂಕುಮ ಇಟ್ಟುಕೊಂಡು ಎರಡು ತಿಂಗಳು ಬೇರೆಯವರ ಮನೆಯಲ್ಲಿ ಬದುಕಿದಳು. ಇಬ್ಬರೂ ಒಂದೇ ಕೋಣೆಯಲ್ಲಿ ಬಾಡಿಗೆ ಹಂಚಿಕೊಂಡಿದ್ದಾರೆ. ಗೋರ್ಟಾದಲ್ಲಿ 2023ರಲ್ಲಿ ಹುತಾತ್ಮರ ಸ್ಮಾರಕ ಆಯಿತು, ಆಗಬೇಕಾದದ್ದೇ. ಎರಡನೆಯವನ ಮುತ್ತಜ್ಜನಿಗೆ ಕಲ್ಲು ಹೋಗಲಿ, ಕಾಗದವೂ ಇಲ್ಲ.

ಸುಂದರಲಾಲರ ವರದಿಯಲ್ಲಿ ಒಂದು ಮಾತಿದೆ, ಅದನ್ನು ಓದಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಹಲವೆಡೆ ಹಿಂದೂಗಳು ಜೀವದ ಹಂಗು ತೊರೆದು ಮುಸಲ್ಮಾನ ನೆರೆಯವರನ್ನು ಕಾಪಾಡಿದರು. ಒಂದೇ ಕಸುಬಿನವರಲ್ಲಂತೂ ಇದು ಎದ್ದು ಕಾಣುತ್ತಿತ್ತು. ಹಿಂದೂ ನೇಕಾರರು ಹಿಂದೂ ಗುಂಪುಗಳಿಗೇ ಎದುರು ನಿಂತು ಮುಸಲ್ಮಾನ ನೇಕಾರರನ್ನು ಉಳಿಸಿದರು, ಉಳಿಸುತ್ತ ತಾವೂ ಸತ್ತರು. ಮಗ್ಗದ ಮೇಲೆ ಒಟ್ಟಿಗೆ ಕೂತವರು! ಪ್ಯಾರಿಸ್ಸಿನಲ್ಲಿ ಒಪ್ಪಂದಕ್ಕೆ ಕೈ ಎತ್ತುವ ಮೊದಲೇ, ಜಿನೀವಾದ ಮೂರನೆಯ ಕಲಮು ಬರೆಯುವ ಮೊದಲೇ, ನಿರಾಯುಧನನ್ನು ಕೊಲ್ಲಕೂಡದೆಂಬ ಕಾನೂನನ್ನು ಅವರು ನಡೆಸಿ ತೋರಿಸಿದರು. ಯಾವ ಸೆಪ್ಟೆಂಬರ್ 17ರ ವೇದಿಕೆಯಲ್ಲಿ ಆ ನೇಕಾರರಿಗೆ ಹಾರ ಹಾಕಿದ್ದೀರಿ? (ಅದೇ ಸೈನ್ಯ 1951ರವರೆಗೆ ತೆಲಂಗಾಣದ ರೈತರ ಮೇಲೆ ಇದ್ದುದು ಬೇರೆ ಲೇಖನ, ಮುಂದೊಮ್ಮೆ ಬರೆಯುತ್ತೇವೆ.)

ನಾವು ಕೇಳುವುದು ಯಾರನ್ನೂ ನೇಣಿಗೇರಿಸಿ ಎಂದಲ್ಲ. ಮಾಡಿದವರಲ್ಲಿ ಬಹುಪಾಲು ಜನ ಮಣ್ಣಾಗಿದ್ದಾರೆ. ಮಣ್ಣಾದ ಮೇಲೂ ಹಣದ ದಾವೆ ನಡೆಯಬಹುದಾದರೆ ಸತ್ತವರ ಲೆಕ್ಕ ನಡೆಯಬಾರದೇಕೆ? ಸುಂದರಲಾಲರ ವರದಿಯನ್ನು ಸರಕಾರವೇ ಕನ್ನಡ, ತೆಲುಗು, ಮರಾಠಿ, ಉರ್ದುಗಳಲ್ಲಿ ಅಚ್ಚುಹಾಕಿಸಿ, ಹೋದ ಹಳ್ಳಿಗಳಿಗೆಲ್ಲ ಕಳಿಸಲಿ. ಅದರ ಲೆಕ್ಕ ತಪ್ಪೆನ್ನುವವರು ತಮ್ಮ ಲೆಕ್ಕದ ಪುಸ್ತಕ ತೆರೆಯಲಿ. 1947ರಿಂದ 1948ರ ಕೊನೆಯವರೆಗೆ ರಜಾಕಾರರಿಂದ ಸತ್ತವರದ್ದೂ, ಆಮೇಲೆ ಸತ್ತವರದ್ದೂ, ಒಂದೇ ಪುಸ್ತಕದಲ್ಲಿ ಊರುವಾರು ಹೆಸರು ಬರಲಿ. 1960ರ ಕಾಯಿದೆಯ 17ನೆಯ ಕಲಮನ್ನು ತಿದ್ದಿ, ನೊಂದವನೇ ದೂರು ಕೊಡುವಂತೆ ಮಾಡಲಿ. ಇದಕ್ಕೆ ಸಹಿ ಸಂಗ್ರಹಿಸಿ ಕಳಿಸುವುದೆಂದು ಸಂಘದಲ್ಲಿ ಮಾತಾಗಿದೆ. ಎರಡು ರಾಜ್ಯದ ಸರಕಾರಗಳಿಗೂ ದೆಹಲಿಗೂ ಹೋಗುತ್ತದೆ.

ಹೆಸರಿನ ಕೆಲಸಕ್ಕೆ ಸರಕಾರವನ್ನು ಕಾಯುತ್ತ ಕೂರುವುದಿಲ್ಲ. ಮುಂದಿನ ಸೆಪ್ಟೆಂಬರ್ 17ರಂದು ನಮ್ಮ ಸಭೆಯಲ್ಲಿ ಭಾಷಣ ಇರುವುದಿಲ್ಲ, ಹೆಸರುಗಳನ್ನು ಓದುತ್ತೇವೆ. ದಸರೆಗೆ, ದೀಪಾವಳಿಗೆ, ರಮಜಾನಿಗೆ ಊರಿಗೆ ಹೋಗುವವರು ಮನೆಯ ಹಿರಿಯರ ಹತ್ತಿರ ಕೂತು ಕೇಳಿಕೊಂಡು ಬನ್ನಿ: ಊರು, ಸತ್ತವರ ಹೆಸರು, ಕಸುಬು, ಯಾರ ಬಾಯಿಂದ ಕೇಳಿದ್ದು. ಗೊತ್ತಿಲ್ಲದ್ದನ್ನು ಸೇರಿಸಬೇಡಿ, ಯಾರ ಮೇಲೂ ಹೊಸ ಆರೋಪ ಹೊರಿಸಬೇಡಿ. ಕಾಪಾಡಿದವರಿದ್ದರೆ ಅವರ ಹೆಸರನ್ನೂ ತನ್ನಿ. ಭಾನುವಾರ ಸಂಜೆ ಹೋಟೆಲುಗಳ ಎರಡನೆಯ ಪಾಳಿ ಮುಗಿದ ಮೇಲೆ ಸಂಘದ ಕೋಣೆ ತೆರೆದಿರುತ್ತದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಸಾಕು, ನಾವು ಬರೆದುಕೊಳ್ಳುತ್ತೇವೆ.